ಕಾರಣ ಬರೆಯಿರಿ

ಜಿಲ್ಲೆಯೊಂದರ ಎಸ್‌ಪಿ ವರ್ಗವಾದಾಗಲೆಲ್ಲ ನನ್ನ ಫೋನಿಗೆ ಒಂದೇ ಬಗೆಯ ವಿಡಿಯೊಗಳು ಬರುತ್ತವೆ. ತೆರೆದ ಜೀಪಿನಲ್ಲಿ ನಿಂತ ಯುವ ಅಧಿಕಾರಿ, ಎರಡೂ ಬದಿಯಲ್ಲಿ ಹೂವು ಎರಚುವ ಜನ, ಹಿನ್ನೆಲೆಯಲ್ಲಿ ಅಬ್ಬರದ ಸಂಗೀತ. ಮಟ್ಕಾ ದಂಧೆಯ ಮೇಲೆ ನಡೆಸಿದ ದಾಳಿಗಳು, ರೌಡಿ ಪರೇಡಿನಲ್ಲಿ ಆಡಿದ ಗಡಸು ಮಾತುಗಳು, ರಾತ್ರಿ ಬೈಕಿನಲ್ಲಿ ಗಸ್ತು ತಿರುಗಿದ ದೃಶ್ಯಗಳು ಒಂದಾದ ಮೇಲೊಂದು ಬರುತ್ತವೆ. ಆ ಜನರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ನನ್ನ ನೌಕರಿಯ ಬಹುಭಾಗವನ್ನು ಉತ್ತರ ಕರ್ನಾಟಕದ ಒಂದು ಎಸ್‌ಪಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಕಳೆದವನಾದ್ದರಿಂದ, ಇಂಥ ವಿಡಿಯೊ ನೋಡಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ಈ ಅಧಿಕಾರಿ ತನ್ನ ಕೈಕೆಳಗಿನ ಕಾನ್‌ಸ್ಟೆಬಲ್‌ನ ರಜೆಯ ಅರ್ಜಿಯನ್ನು ಹೇಗೆ ನೋಡಿಕೊಂಡರು? ಪ್ರಶ್ನೆ ಚಿಕ್ಕದೆನಿಸಬಹುದು. ಯುವ ಅಧಿಕಾರಿಯೊಬ್ಬರ ವೃತ್ತಿಜೀವನವನ್ನು ಅಳೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಮಾನದಂಡ ನನಗಂತೂ ಇಂದಿಗೂ ದೊರೆತಿಲ್ಲ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ಮೇಜಿನ ಈಚೆಯಿಂದ ಕಂಡದ್ದು

ಐಪಿಎಸ್ ಅಧಿಕಾರಿಯ ಆರಂಭದ ವರ್ಷಗಳ ದಾರಿ ಎಲ್ಲರಿಗೂ ಗೊತ್ತಿರುವಂಥದೇ. ಯುಪಿಎಸ್‌ಸಿ ಪರೀಕ್ಷೆ, ಮಸ್ಸೂರಿಯಲ್ಲಿ ಬುನಾದಿ ತರಬೇತಿ, ಆಮೇಲೆ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ, ನಡುವೆ ಯಾವುದಾದರೂ ಜಿಲ್ಲೆಯಲ್ಲಿ ಪ್ರಾಯೋಗಿಕ ತರಬೇತಿ, ಅದರೊಳಗೇ ಒಂದು ಠಾಣೆಯ ಸ್ವತಂತ್ರ ಹೊಣೆ, ಬಳಿಕ ಉಪವಿಭಾಗದ ಎಎಸ್‌ಪಿ ಹುದ್ದೆ. ಇಷ್ಟೆಲ್ಲ ಮುಗಿಸಿ ಜಿಲ್ಲೆಯ ಎಸ್‌ಪಿಯಾಗಿ ಬರುವ ಹೊತ್ತಿಗೆ ಹಲವರಿಗೆ ಮೂವತ್ತು ತುಂಬಿರುವುದಿಲ್ಲ, ತುಂಬಿದ್ದರೂ ಈಚೆಗಷ್ಟೇ ತುಂಬಿರುತ್ತದೆ. ಕುದುರೆ ಸವಾರಿ, ಗುಂಡು ಹಾರಿಸುವುದು, ಅಪರಾಧ ಕಾನೂನು, ವಿಧಿವಿಜ್ಞಾನ, ಗಲಭೆ ನಿಯಂತ್ರಣ ಎಲ್ಲವನ್ನೂ ಅವರಿಗೆ ಕಲಿಸಲಾಗಿರುತ್ತದೆ. ಆದರೆ ಅಧಿಕಾರ ಸ್ವೀಕರಿಸಿದ ಮೊದಲ ದಿನ ಮಧ್ಯಾಹ್ನ ಅವರ ಮೇಜಿನ ಮೇಲೆ ನಾವು ತಂದಿಡುತ್ತಿದ್ದ ಕಡತಗಳಲ್ಲಿ ಕೊಲೆ, ದರೋಡೆಯ ಪ್ರಕರಣಗಳಿಗಿಂತ ಹೆಚ್ಚಾಗಿ ಇರುತ್ತಿದ್ದುದು ಬೇರೆಯೇ: ಗಳಿಕೆ ರಜೆ, ವೇತನ ಬಡ್ತಿ, ವಸತಿಗೃಹದ ಹಂಚಿಕೆ, ಇಲಾಖಾ ವಿಚಾರಣೆ, ಅಮಾನತು, ಅನುಕಂಪದ ನೌಕರಿ, ವರ್ಗಾವಣೆಯ ಕೋರಿಕೆ.

ಜಿಲ್ಲೆಯ ಕಾನ್‌ಸ್ಟೆಬಲ್‌ಗೆ ನೇಮಕಾತಿ ಪ್ರಾಧಿಕಾರವೂ ಎಸ್‌ಪಿಯೇ, ಶಿಸ್ತು ಪ್ರಾಧಿಕಾರವೂ ಎಸ್‌ಪಿಯೇ. 1965ರ ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡವಳಿ ನಿಯಮಗಳ ಅಡಿಯಲ್ಲಿ ವಾಗ್ದಂಡನೆಯಿಂದ ಹಿಡಿದು ಸೇವೆಯಿಂದ ವಜಾ ಮಾಡುವವರೆಗಿನ ಅಧಿಕಾರ ಆ ಒಂದು ಸಹಿಯಲ್ಲಿದೆ. ಇಪ್ಪತ್ತೆಂಟರ ಹರೆಯದ ಒಬ್ಬರ ಸಹಿಯಿಂದ ಐವತ್ತು ದಾಟಿದ ದಫೇದಾರರೊಬ್ಬರ ವೇತನ ಬಡ್ತಿ ನಿಲ್ಲಬಹುದು, ಅವರ ಮಗಳ ಮದುವೆಯ ಸಾಲದ ಲೆಕ್ಕಾಚಾರವೇ ತಲೆಕೆಳಗಾಗಬಹುದು. ನೊಂದ ಕಾರ್ಮಿಕನಿಗಿರುವ ದಾರಿಯೂ ಪೊಲೀಸರಿಗಿಲ್ಲ. ಸಂವಿಧಾನದ 33ನೇ ವಿಧಿ ಕೊಟ್ಟ ಅಧಿಕಾರದಂತೆ ಸಂಸತ್ತು 1966ರಲ್ಲಿ ಮಾಡಿದ ಕಾಯ್ದೆ, ಅನುಮತಿಯಿಲ್ಲದೆ ಸಂಘ ಕಟ್ಟುವುದನ್ನು ಅವರಿಗೆ ನಿರ್ಬಂಧಿಸಿದೆ. ಅದಕ್ಕೆ ಕಾರಣಗಳೂ ಇವೆ, ಅವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಳುವ ದಾರಿಯೇ ಇಲ್ಲದವನ ಮೇಲೆ ಅಧಿಕಾರ ನಡೆಸುವವರು, ದಾರಿ ಇರುವವನ ಮೇಲೆ ನಡೆಸುವವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಬಂದದ್ದು ಹಲವರಿಗೆ ನೆನಪಿರಬಹುದು. ಆ ದಿನ ಬಹುತೇಕರು ಕೆಲಸಕ್ಕೆ ಹಾಜರಾದರು. ಮುಂದೆ ಪೊಲೀಸರ ವೇತನದ ಬಗ್ಗೆ ಔರಾದಕರ್ ಸಮಿತಿಯ ವರದಿ ಬಂತು, 2019ರಲ್ಲಿ ವೇತನವೂ ಒಂದಿಷ್ಟು ಏರಿತು. ಪತ್ರಿಕೆಗಳು ಸಂಬಳದ ಬಗ್ಗೆಯೇ ಹೆಚ್ಚು ಬರೆದವು. ಆ ವಾರ ನಮ್ಮ ಕಚೇರಿಯ ವರಾಂಡದಲ್ಲಿ ತಪಾಲು ತಂದು ನಿಂತವರು ತಗ್ಗಿದ ದನಿಯಲ್ಲಿ ಆಡುತ್ತಿದ್ದ ಮಾತು ಬೇರೆಯಿತ್ತು. "ಪಗಾರ ಹೆಂಗರ ನಡೀತೈತ್ರಿ ಸಾಹೇಬ್ರ, ರಜಾ ಕೇಳಿದ್ರ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ" ಎಂದು ಒಬ್ಬರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ನಿರಾಕರಣೆಗಿಂತ ಹೆಚ್ಚಾಗಿ ಅವರನ್ನು ನೋಯಿಸುತ್ತಿದ್ದುದು ಉತ್ತರವೇ ಇಲ್ಲದಿರುವುದು.

ಒಂದು ಶುಕ್ರವಾರ

ಕೆಲವು ವರ್ಷಗಳ ಅನಂತರ ನಮ್ಮ ಜಿಲ್ಲೆಗೆ ಹೊರರಾಜ್ಯದಿಂದ ಬಂದ ಯುವ ಮಹಿಳಾ ಅಧಿಕಾರಿಯೊಬ್ಬರು ಎಸ್‌ಪಿಯಾಗಿ ಬಂದರು. ಎಸ್‌ಪಿಯಾಗಿ ಅದು ಅವರ ಮೊದಲ ಜಿಲ್ಲೆ. (ಈ ರಾಜ್ಯದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಜೀಜಾ ಹರಿಸಿಂಗ್ ಸೇವೆಗೆ ಸೇರಿದ್ದು 1975ರಲ್ಲಿ, ಮಹಿಳೆಯೊಬ್ಬರು, ನೀಲಮಣಿ ರಾಜು ಅವರು, ರಾಜ್ಯ ಪೊಲೀಸ್ ಮುಖ್ಯಸ್ಥರಾಗಲು 2017 ಬರಬೇಕಾಯಿತು. ಆ ದೀರ್ಘ ಅಂತರವನ್ನು ಬಲ್ಲ ನಮ್ಮ ಕಚೇರಿಯ ಹೆಣ್ಣುಮಕ್ಕಳು ಹೊಸ ಎಸ್‌ಪಿಯನ್ನು ವಿಶೇಷ ಅಕ್ಕರೆಯಿಂದ ಬರಮಾಡಿಕೊಂಡಿದ್ದರು.) ಕನ್ನಡ ಮಾತಾಡುತ್ತಿದ್ದರು, ಆದರೆ ಕೈಬರಹ ಓದಲು ತಡವಾಗುತ್ತಿತ್ತು. ಹಾಗಿದ್ದೂ ಅರ್ಜಿಯನ್ನು ಇನ್ನೊಬ್ಬರಿಂದ ಓದಿಸದೆ, ಬೆರಳಿಟ್ಟು ಸಾಲುಸಾಲಾಗಿ ತಾವೇ ಓದುತ್ತಿದ್ದರು. ಆ ನಿಧಾನವೇ ನಮ್ಮ ಜಿಲ್ಲೆಗೆ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ. ಕಣ್ಣಾಡಿಸಿ ಬಿಡುವವರಿಗೆ ಸಿಗದ ಸಂಗತಿಗಳು ಅವರಿಗೆ ಸಿಗುತ್ತಿದ್ದವು.

ಶುಕ್ರವಾರ ಬೆಳಗ್ಗೆ ಕವಾಯತು ಮುಗಿದ ಮೇಲೆ ಓ.ಆರ್. ನಡೆಯುತ್ತಿತ್ತು. ತಪ್ಪಿತಸ್ಥ ಸಿಬ್ಬಂದಿಯನ್ನು ಎಸ್‌ಪಿ ಮುಂದೆ ಹಾಜರುಪಡಿಸುವ ಕ್ರಮ ಅದು. ಕಡತ ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಆ ದಿನ ಬಂದ ಕಾನ್‌ಸ್ಟೆಬಲ್ ಒಬ್ಬನ ಮೇಲಿದ್ದ ಆರೋಪ ಸರಳವಾಗಿತ್ತು: ಜಾತ್ರೆಯ ಬಂದೋಬಸ್ತ್‌ಗೆ ನೇಮಿಸಿದ್ದರೂ ನಾಲ್ಕು ದಿನ ಅನಧಿಕೃತ ಗೈರುಹಾಜರಿ. ಇಂಥ ಪ್ರಕರಣದಲ್ಲಿ ನೋಟಿಸು, ಸಮಜಾಯಿಷಿ, ದಂಡನೆ ಎಂಬುದು ರೂಢಿಯ ಹಾದಿ. ಆತ ಸಮಜಾಯಿಷಿಯಲ್ಲಿ ಮಗಳನ್ನು ಬೇರೆ ಊರಿನ ಕಾಲೇಜಿಗೆ ಸೇರಿಸಿ ಹಾಸ್ಟೆಲ್ ವ್ಯವಸ್ಥೆ ಮಾಡಲು ಹೋಗಿದ್ದಾಗಿ ಬರೆದಿದ್ದ.

"ರಜೆ ಕೇಳಿದ್ದಿರಾ?" ಎಂದು ಎಸ್‌ಪಿ ಕೇಳಿದರು.

"ಅರ್ಜಿ ಕೊಟ್ಟಿದ್ದೆ ಮೇಡಂ."

"ಏನು ಹೇಳಿದರು?"

"ಏನೂ ಹೇಳಲಿಲ್ಲ ಮೇಡಂ. ನೋಡೋಣ ಅಂದ್ರು."

ಅವರು ಕಡತ ಮುಚ್ಚಲಿಲ್ಲ. ಆ ಅರ್ಜಿ ಎಲ್ಲಿದೆ ಎಂದು ಕೇಳಿದರು. ನಮ್ಮ ಕಚೇರಿಯ ತಪಾಲು ವಹಿಯಲ್ಲಿ ಅದರ ನಮೂದು ಇರಲಿಲ್ಲ. ಠಾಣೆಗೆ ಫೋನು ಹೋಯಿತು. ಸಂಜೆಯ ಹೊತ್ತಿಗೆ ಅರ್ಜಿ ಬಂತು. ಮಂಜೂರು ಎಂದೂ ಇಲ್ಲ, ನಿರಾಕರಿಸಲಾಗಿದೆ ಎಂದೂ ಇಲ್ಲ, ಒಂದು ಕಿರುಸಹಿಯೂ ಇಲ್ಲ. ಜಾತ್ರೆಗೆ ಎರಡು ವಾರ ಮೊದಲೇ ಕೊಟ್ಟ ಅರ್ಜಿ ಅದು. ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್‌ನ ಮೇಜಿನಲ್ಲಿ ಬೇರೆ ಕಾಗದಗಳ ಅಡಿಯಲ್ಲಿ ಹಾಗೇ ಉಳಿದಿತ್ತು.

ಕಾನ್‌ಸ್ಟೆಬಲ್‌ನನ್ನು ಎಸ್‌ಪಿ ಪೂರ್ತಿಯಾಗಿ ಬಿಟ್ಟುಬಿಡಲಿಲ್ಲ. ಮಂಜೂರಾಗದ ರಜೆಯ ಮೇಲೆ ಬಂದೋಬಸ್ತ್ ಬಿಟ್ಟು ಹೋದದ್ದು ತಪ್ಪೇ ಎಂದು ಹೇಳಿ ವಾಗ್ದಂಡನೆ ಕೊಟ್ಟರು, ವೇತನ ಬಡ್ತಿಯನ್ನು ಮುಟ್ಟಲಿಲ್ಲ. ಅವರು ನ್ಯಾಯವನ್ನು ಕರುಣೆಯೊಂದಿಗೆ ಬೆರೆಸಿ ಗೊಂದಲ ಮಾಡಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಆ ತೀರ್ಮಾನದ ಮೇಲೆ ನನಗೆ ಗೌರವವಿದೆ. ಬಳಿಕ ನನ್ನನ್ನು ಕೂರಿಸಿಕೊಂಡು ಒಂದು ಸುತ್ತೋಲೆಯ ಕರಡು ಮಾಡಿಸಿದರು. ರಜೆಯ ಪ್ರತಿಯೊಂದು ಅರ್ಜಿಯೂ ಬಂದ ದಿನವೇ ವಹಿಯಲ್ಲಿ ನಮೂದಾಗಬೇಕು. ಕೊಡುವುದಾದರೆ ಕೊಡಿ. ನಿರಾಕರಿಸುವುದಾದರೆ ಕಾರಣ ಬರೆದು, ಠಾಣಾಧಿಕಾರಿ ಸಹಿ ಮಾಡಿ, ಅದರ ಪ್ರತಿಯನ್ನು ಅರ್ಜಿದಾರನಿಗೆ ಕೊಡಬೇಕು. ವಾರಕ್ಕೊಮ್ಮೆ ವಹಿಯ ನಕಲು ಎಸ್‌ಪಿ ಕಚೇರಿಗೆ ಬರಬೇಕು. ಒಟ್ಟು ಸುತ್ತೋಲೆ ಅರ್ಧ ಪುಟವನ್ನೂ ತುಂಬಲಿಲ್ಲ.

ಕಾರಣ ಬರೆದಾಗ ಹೊರಬಿದ್ದದ್ದು

ಮೊದಲ ವಾರಗಳಲ್ಲಿ ಎಲ್ಲ ಠಾಣೆಗಳಿಂದಲೂ ಒಂದೇ ಕಾರಣ ಬಂತು: "ಸಿಬ್ಬಂದಿ ಕೊರತೆ". ಅದು ಸುಳ್ಳೇನೂ ಆಗಿರಲಿಲ್ಲ. ಯಾವ ಠಾಣೆಯಲ್ಲೂ ಮಂಜೂರಾದಷ್ಟು ಜನ ಇರುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಎಸ್‌ಪಿ ಆ ಕಾರಣವನ್ನು ಒಪ್ಪಿ ಸುಮ್ಮನಾಗಲಿಲ್ಲ, ತಿರಸ್ಕರಿಸಲೂ ಇಲ್ಲ. ಮಂಜೂರಾದವರೆಷ್ಟು, ಹಾಜರಿರುವವರೆಷ್ಟು, ಹಾಜರಿರುವವರಲ್ಲಿ ಯಾರು ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಹೆಸರುಸಹಿತ ಬರೆದು ಕಳುಹಿಸುವಂತೆ ಕೇಳಿದರು. ಆ ಪಟ್ಟಿಗಳನ್ನು ಕ್ರೋಡೀಕರಿಸಿದವನು ನಾನೇ. ಕೋರ್ಟಿನ ಕರ್ತವ್ಯ, ಸಮನ್ಸ್ ಜಾರಿ, ಬೀಟ್, ಸೆಂಟ್ರಿ ಇವೆಲ್ಲ ನಿರೀಕ್ಷಿತವೇ. ಆದರೆ ಸಂಬಳ ಮಾತ್ರ ಠಾಣೆಯ ಲೆಕ್ಕದಲ್ಲಿ ಪಡೆಯುತ್ತ, ಒ.ಒ.ಡಿ. (ಅನ್ಯ ಕರ್ತವ್ಯ) ಎಂಬ ಹೆಸರಿನಲ್ಲಿ ಬೇರೆ ಬೇರೆ ಕಚೇರಿಗಳಲ್ಲಿ, ಮೇಲಧಿಕಾರಿಗಳ ಮನೆಗಳಲ್ಲಿ ವರ್ಷಗಟ್ಟಲೆ ಇದ್ದವರ ಹೆಸರುಗಳು ಒಂದೊಂದಾಗಿ ಕಾಗದದ ಮೇಲೆ ಬಂದವು. ಎಸ್‌ಪಿ ಬಂಗಲೆಯಲ್ಲಿದ್ದವರ ಹೆಸರುಗಳೂ ಇದ್ದವು. ಅವರು ಮೊದಲು ಬಂಗಲೆಯಿಂದಲೇ ಇಬ್ಬರನ್ನು ಠಾಣೆಗೆ ವಾಪಸು ಕಳುಹಿಸಿ, ಆಮೇಲೆ ಉಳಿದವರಿಗೆ ಪತ್ರ ಬರೆದರು. ಎಲ್ಲರೂ ವಾಪಸಾಗಲಿಲ್ಲ; ಆಗುವುದೂ ಸಾಧ್ಯವಿರಲಿಲ್ಲ. ಆದರೆ ಸಣ್ಣ ಠಾಣೆಯೊಂದಕ್ಕೆ ಇಬ್ಬರು ಹೆಚ್ಚಾದರೆ ರಾತ್ರಿ ಗಸ್ತಿನ ಸರದಿ ಹೇಗೆ ಬದಲಾಗುತ್ತದೆ ಎಂಬುದನ್ನು ಆ ಕೆಲಸ ಮಾಡಿದವರೇ ಹೇಳಬೇಕು.

ಕಾರಣ ಬರೆಯಬೇಕೆಂದಾಗ ನಿರಾಕರಣೆಗಳೂ ಕಡಿಮೆಯಾದವು. ಬಾಯಿಮಾತಿನಲ್ಲಿ "ನೋಡೋಣ" ಎನ್ನುವುದು ಸುಲಭ. ಅದನ್ನೇ ಕಾಗದದ ಮೇಲೆ ಬರೆದು ಹೆಸರು ಹಾಕಬೇಕಾದಾಗ ಬರೆಯುವವನಿಗೆ ತಾನು ನಿರಾಕರಿಸುತ್ತಿರುವುದು ಏಕೆಂದು ಯೋಚಿಸಲೇಬೇಕಾಗುತ್ತದೆ. ನಿಜವಾದ ಕಾರಣವಿದ್ದಾಗ, ಅಂದರೆ ಚುನಾವಣೆಯೋ ಗಣೇಶೋತ್ಸವವೋ ಇದ್ದಾಗ, ಅದನ್ನು ಓದಿದ ಕಾನ್‌ಸ್ಟೆಬಲ್‌ಗಳೂ ಹೆಚ್ಚು ತಕರಾರು ಮಾಡಲಿಲ್ಲ.

ಇಲ್ಲಿ ಠಾಣಾಧಿಕಾರಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಅರ್ಜಿಯನ್ನು ಹಾಗೇ ಬಿಟ್ಟ ಪಿಎಸ್‌ಐ ಕೂಡ ಯುವಕನೇ, ನೌಕರಿಗೆ ಬಂದು ಹೆಚ್ಚು ವರ್ಷಗಳಾಗಿರಲಿಲ್ಲ. ಈ ಹುದ್ದೆಗೆ ಬರುವುದೇ ಎಷ್ಟು ಕಷ್ಟವೆಂಬುದನ್ನು ಈಚಿನ ವರ್ಷಗಳಲ್ಲಿ ಇಡೀ ರಾಜ್ಯ ಕಂಡಿದೆ: 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರೂ ಆ ಕಾಲವನ್ನೆಲ್ಲ ಕಾಯುತ್ತ ಕಳೆದರು. ಹಾಗೆ ಹುದ್ದೆಗೆ ಬಂದವರಿಗೆ ಠಾಣೆಯಲ್ಲಿ ಸಿಗುವುದು ಅರ್ಧ ಜನ, ದುಪ್ಪಟ್ಟು ಕೆಲಸ, ಮೇಲಿನಿಂದ ಬರುವ ಬಾಯಿಮಾತಿನ ಆದೇಶಗಳು. ಬಾಯಿಮಾತಿನಲ್ಲೇ ಆದೇಶ ಪಡೆಯುವವನು ಬಾಯಿಮಾತಿನಲ್ಲೇ ಆದೇಶ ಕೊಡುವುದನ್ನು ಕಲಿಯುತ್ತಾನೆ. ಇದನ್ನು ಯಾವ ಅಕಾಡೆಮಿಯೂ ಪಾಠ ಮಾಡಬೇಕಾಗಿಲ್ಲ.

ಅದೇ ಕೈ, ಬೇರೆ ಕಾಗದ

ನಾನು ಈ ರಜೆಯ ಮಾತನ್ನು ಇಷ್ಟೊಂದು ಎಳೆಯುತ್ತಿರುವುದಕ್ಕೆ ಕಾರಣ ಮುಂದಿನ ಒಂದು ಘಟನೆ. ಮಾಸಿಕ ಅಪರಾಧ ಪರಿಶೀಲನಾ ಸಭೆಯ ನಡವಳಿ ಬರೆದುಕೊಳ್ಳಲು ನಾನು ಕುಳಿತಿದ್ದೆ. ಜಮೀನಿನ ಬದುವಿನ ಜಗಳದಲ್ಲಿ ಇಬ್ಬರು ಅಣ್ಣತಮ್ಮಂದಿರನ್ನು ಬಂಧಿಸಿದ ಪ್ರಕರಣ ಚರ್ಚೆಗೆ ಬಂತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವೆಂದು ಪೊಲೀಸರು ಬರೆದಿಡಬೇಕು, ಬಂಧಿಸದಿದ್ದರೂ ಏಕೆಂದು ಬರೆದಿಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 41ನೇ ಕಲಮಿನಲ್ಲಿದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 35ನೇ ಕಲಮಾಗಿ ಮುಂದುವರಿದಿದೆ. ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲೇ ಇದನ್ನು ಕಟ್ಟುನಿಟ್ಟಾಗಿ ಹೇಳಿತ್ತು: ಕಾರಣಗಳ ತಪಶೀಲು ಪಟ್ಟಿಯನ್ನು ಪೊಲೀಸರು ಭರ್ತಿ ಮಾಡಿ ಮ್ಯಾಜಿಸ್ಟ್ರೇಟರ ಮುಂದಿಡಬೇಕು, ತಪ್ಪಿದರೆ ಇಲಾಖಾ ಕ್ರಮ ಎದುರಿಸಬೇಕು.

ಆ ಪ್ರಕರಣದ ಕಾಗದದಲ್ಲಿದ್ದ ಕಾರಣ ಇಷ್ಟು: "ಆರೋಪಿತರು ಸಾಕ್ಷಿದಾರರಿಗೆ ಹೆದರಿಸುವ ಸಾಧ್ಯತೆ ಇರುತ್ತದೆ." ಎಸ್‌ಪಿ ಹಿಂದಿನ ತಿಂಗಳ ಇನ್ನೆರಡು ಪ್ರಕರಣಗಳನ್ನು ತರಿಸಿದರು. ಅಕ್ಷರಕ್ಕೆ ಅಕ್ಷರ ಅದೇ ವಾಕ್ಯ. ಅವರು ಪಿಎಸ್‌ಐಯನ್ನು ಗದರಿಸಲಿಲ್ಲ. "ಯಾವ ಸಾಕ್ಷಿಯನ್ನು ಹೆದರಿಸುತ್ತಾರೆ? ಒಂದು ಹೆಸರು ಹೇಳಿ" ಎಂದರು. "ಮೇಡಂ, ರೂಢಿಯಲ್ಲಿ ಹಾಗೇ ಬರೆಯುತ್ತೇವೆ" ಎಂದು ಆತ ಪ್ರಾಮಾಣಿಕವಾಗಿಯೇ ಹೇಳಿದ. ಆಗ ಅವರು ಆ ಠಾಣೆಯ ರಜೆಯ ವಹಿಯ ನಕಲನ್ನು ತೆಗೆದು ಬಂಧನದ ಕಾಗದದ ಪಕ್ಕದಲ್ಲಿಟ್ಟರು. ಎಲ್ಲ ಸಾಲುಗಳಲ್ಲೂ "ಸಿಬ್ಬಂದಿ ಕೊರತೆ", "ಸಿಬ್ಬಂದಿ ಕೊರತೆ". ಎರಡೂ ಒಂದೇ ಕೈಬರಹ. "ನಿಮ್ಮ ಕಾನ್‌ಸ್ಟೆಬಲ್‌ಗೆ ಕೊಟ್ಟ ಉತ್ತರವನ್ನೇ ಈ ಅಣ್ಣತಮ್ಮಂದಿರಿಗೂ ಕೊಟ್ಟಿದ್ದೀರಿ. ಇಬ್ಬರ ಬಗ್ಗೆಯೂ ಯೋಚಿಸಿಲ್ಲ" ಎಂದರು. ಸಭೆಯಲ್ಲಿ ಬೇರೆ ಯಾರೂ ಮಾತಾಡಲಿಲ್ಲ. ನಾನು ಆ ಮಾತನ್ನು ನಡವಳಿಯಲ್ಲಿ ಬರೆಯಬಹುದೇ ಎಂದು ಆಮೇಲೆ ಕೇಳಿದೆ. ವ್ಯಕ್ತಿಯ ಹೆಸರಿಲ್ಲದೆ ಬರೆಯಿರಿ ಎಂದರು.

ಪೊಲೀಸರ ದರ್ಪದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ದೂರು ಕೊಡಲು ಬಂದ ಹೆಂಗಸನ್ನು ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸುವುದು, ಎಫ್‌ಐಆರ್ ಮಾಡುತ್ತೇವೆಂದೂ ಹೇಳದೆ ಮಾಡುವುದಿಲ್ಲವೆಂದೂ ಹೇಳದೆ ಓಡಾಡಿಸುವುದು ಎಲ್ಲರ ಅನುಭವಕ್ಕೆ ಬಂದಿರುವ ಸಂಗತಿ. ಆ ಬೆಂಚಿನ ಎದುರು ನಿಂತ ಕಾನ್‌ಸ್ಟೆಬಲ್ ತನ್ನ ರಜೆಗಾಗಿ, ವಸತಿಗೃಹಕ್ಕಾಗಿ, ವರ್ಗಾವಣೆಗಾಗಿ ಹೀಗೇ ಕಾದವನು. ಉತ್ತರವಿಲ್ಲದೆ ಕಾಯಿಸುವುದೇ ಅಧಿಕಾರದ ಲಕ್ಷಣವೆಂದು ಅವನು ತನ್ನ ಇಲಾಖೆಯಿಂದಲೇ ಕಲಿತಿರುತ್ತಾನೆ. ಇದು ಅವನ ನಡತೆಗೆ ಸಮರ್ಥನೆಯಲ್ಲ. ಆದರೆ ಜನಸ್ನೇಹಿ ಪೊಲೀಸ್ ಎಂಬ ಫಲಕ ತೂಗುಹಾಕುವ ಯುವ ಅಧಿಕಾರಿ ಮೊದಲು ಕೈಹಾಕಬೇಕಾದ ಜಾಗ ಯಾವುದು ಎಂಬುದನ್ನು ಇದು ಹೇಳುತ್ತದೆ. ಮೊಳೆ ಎಲ್ಲಿ ಸಡಿಲವಾಗಿದೆಯೋ ಅಲ್ಲಿಯೇ ಹೊಡೆಯಬೇಕಲ್ಲವೇ.

ಕಾರಣವಿಲ್ಲದ ಆದೇಶ

ಆ ಅಧಿಕಾರಿ ಎರಡು ವರ್ಷ ಪೂರೈಸಲಿಲ್ಲ. ಒಂದು ಸಂಜೆ ಅಧಿಸೂಚನೆ ಬಂತು: ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ, ವರ್ಗಾವಣೆ. ಜಿಲ್ಲೆಯ ಒಬ್ಬೊಬ್ಬ ಠಾಣಾಧಿಕಾರಿಯ ಸ್ವಭಾವ, ಒಂದೊಂದು ಹಳ್ಳಿಯ ಹಳೆಯ ಜಗಳ, ಯಾವ ದಫೇದಾರರ ಮಾತನ್ನು ನಂಬಬಹುದು ಎಂಬುದೆಲ್ಲ ಅವರಿಗೆ ಆಗಷ್ಟೇ ಹಿಡಿತಕ್ಕೆ ಬಂದಿತ್ತು. ಅಧಿಸೂಚನೆಯಲ್ಲಿ ಕಾರಣ ಇರಲಿಲ್ಲ.

ಕಾರಣ ಇರಬೇಕೆಂದು ಹೇಳುವ ಕಾನೂನು ಇಲ್ಲವೆಂದಲ್ಲ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಿಲ್ಲಾ ಎಸ್‌ಪಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ನಿರ್ದೇಶಿಸಿತು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ, ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಆದೇಶ ಲಿಖಿತವಾಗಿರಬೇಕು ಎಂದು ಹೇಳಿತು. 2014ರ ಜನವರಿಯಲ್ಲಿ ಅಖಿಲ ಭಾರತ ಸೇವೆಗಳ ವೃಂದ ನಿಯಮಗಳೂ ತಿದ್ದುಪಡಿಯಾಗಿ, ಅವಧಿಗೆ ಮೊದಲೇ ಎತ್ತಂಗಡಿ ಮಾಡುವುದಾದರೆ ನಾಗರಿಕ ಸೇವಾ ಮಂಡಳಿಯ ಮುಂದೆ ಆ ವಿಷಯ ಬರಬೇಕು, ಮಂಡಳಿಯ ಶಿಫಾರಸನ್ನು ಒಪ್ಪದಿದ್ದರೆ ಕಾರಣ ದಾಖಲಿಸಬೇಕು ಎಂದಾಯಿತು. ಠಾಣೆಯ ರೈಟರ್‌ನ ಮೇಜಿನ ಮೇಲಿನ ರಜೆಯ ಅರ್ಜಿಗೂ, ಬಂಧನದ ತಪಶೀಲು ಪಟ್ಟಿಗೂ, ಎಸ್‌ಪಿಯ ವರ್ಗಾವಣೆಗೂ ಕೊನೆಗೆ ಬೇಕಾಗಿರುವುದು ಒಂದೇ. ಅಧಿಕಾರ ಉಳ್ಳವರು ತಮ್ಮ ಕಾರಣವನ್ನು ಬರೆದು ಅದರ ಕೆಳಗೆ ಹೆಸರು ಹಾಕಬೇಕು. ಕೆಳಗಿನವನಿಗೆ ಸಿಗದ ಆ ನ್ಯಾಯ ಮೇಲಿನವರಿಗೂ ಸಿಗುತ್ತಿಲ್ಲವೆಂಬುದನ್ನು ನಾನು ಹಲವು ಎಸ್‌ಪಿಗಳ ಬೀಳ್ಕೊಡುಗೆಯಲ್ಲಿ ಕಂಡಿದ್ದೇನೆ.

ಅವರು ಹೋದ ಮೇಲೆ ವಾರದ ನಕಲುಗಳು ಕೆಲವು ತಿಂಗಳು ಬಂದವು. ನಂತರ ಒಂದೊಂದೇ ಠಾಣೆಯಿಂದ ನಿಂತವು. ಹೊಸ ಎಸ್‌ಪಿ ಕೆಟ್ಟವರೇನಲ್ಲ. ಅವರ ಆಸಕ್ತಿ ಸಂಚಾರ ಸುಧಾರಣೆ ಮತ್ತು ಸೈಬರ್ ಅಪರಾಧಗಳ ಕಡೆಗಿತ್ತು, ಅಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿದರು. ಹಿಂದಿನ ಸುತ್ತೋಲೆ ರದ್ದಾಗಲಿಲ್ಲ, ಅದನ್ನು ಕೇಳುವವರು ಇಲ್ಲವಾದರು. ನಿವೃತ್ತಿಗೆ ಮೊದಲು ನಾನೇ ಒಮ್ಮೆ ಟಿಪ್ಪಣಿ ಮಂಡಿಸಿದಾಗ ಮೂರು ಉಪವಿಭಾಗಗಳಲ್ಲಿ ಒಂದರಲ್ಲಿ ಮಾತ್ರ ವಹಿ ಬರೆಯುತ್ತಿದ್ದರು. ಅಲ್ಲಿನ ಡಿವೈಎಸ್‌ಪಿ ಅದನ್ನು ತಮ್ಮ ಅಭ್ಯಾಸವಾಗಿಸಿಕೊಂಡಿದ್ದರು.

ಇದಕ್ಕೆ ಒಂದು ಸಣ್ಣ ಪರಿಹಾರ ನನಗೆ ತೋಚುತ್ತದೆ, ಇಲಾಖೆಯಲ್ಲಿರುವ ಯುವ ಅಧಿಕಾರಿಗಳು ಓದಿದರೆ ಪರಿಶೀಲಿಸಲಿ ಎಂದು ಬರೆಯುತ್ತಿದ್ದೇನೆ. ಅಧಿಕಾರ ಹಸ್ತಾಂತರದ ಪ್ರಮಾಣಪತ್ರವಾದ ಸಿ.ಟಿ.ಸಿ.ಗೆ ಸಹಿ ಮಾಡುವುದು ಒಂದೆರಡು ನಿಮಿಷದ ಕೆಲಸ; ಹೋಗುವವರ ಸಹಿ, ಬರುವವರ ಸಹಿ, ದಿನಾಂಕ, ಪೂರ್ವಾಹ್ನವೋ ಅಪರಾಹ್ನವೋ ಎಂಬುದು, ಅಷ್ಟೇ. ಅದರೊಂದಿಗೆ ಇನ್ನೊಂದು ಹಾಳೆ ಇರಲಿ. ಹೋಗುತ್ತಿರುವ ಎಸ್‌ಪಿ ಸಿಬ್ಬಂದಿಯ ರಜೆ, ದಂಡನೆ, ವರ್ಗಾವಣೆಗೆ ಸಂಬಂಧಿಸಿ ಹೊರಡಿಸಿದ, ಚಾಲ್ತಿಯಲ್ಲಿರುವ ಆದೇಶಗಳ ಪಟ್ಟಿ ಆ ಹಾಳೆಯಲ್ಲಿರಲಿ. ಬರುವವರು ಪ್ರತಿಯೊಂದರ ಎದುರಿಗೆ "ಮುಂದುವರಿಸಲಾಗಿದೆ" ಅಥವಾ "ಕೈಬಿಡಲಾಗಿದೆ" ಎಂದು ಬರೆಯಲಿ, ಕೈಬಿಡುವುದಾದರೆ ಏಕೆಂದು ಒಂದು ಸಾಲು ಬರೆಯಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅನುದಾನ ಬೇಕಿಲ್ಲ, ಸರ್ಕಾರದ ಅನುಮತಿಯೂ ಬೇಕಿಲ್ಲ. ಸಿಬ್ಬಂದಿ ಶಾಖೆಯ ಗುಮಾಸ್ತರೊಬ್ಬರು ಅರ್ಧ ದಿನದಲ್ಲಿ ಆ ಪಟ್ಟಿಯನ್ನು ತಯಾರಿಸಬಲ್ಲರು.